ಹಳೆಯ ಕಾಗದ, ಒಂದು ಪೆಟ್ಟಿಗೆ

ಆಷಾಢದ ಒಂದು ಮಧ್ಯಾಹ್ನ ಫೋನಿಗೆ ಒಂದು ಚಿತ್ರ ಬಂತು. ಉದ್ದನೆಯ ರಿಜಿಸ್ಟರಿನ ಒಂದು ಪುಟ. ಅಂಚನ್ನು ಹುಳು ತಿಂದಿತ್ತು, ನೀಲಿ ಶಾಯಿ ಕಂದಿತ್ತು. ಕೆಳಗೆ ಮರಾಠಿಯಲ್ಲಿ ಒಂದೇ ಸಾಲು: "ಮ್ಯಾಡಮ್, ಹೇ ತುಮಚಂ ಅಕ್ಷರ ಆಹೇ ಕಾ?" ಇದು ನಿಮ್ಮ ಅಕ್ಷರವೇ?

ನನ್ನದೇ. ಬಾಲ ಎಳೆದ ನನ್ನ ದೇವನಾಗರಿ ಅಕ್ಷರವನ್ನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಚಿತ್ರ ಕಳಿಸಿದವಳು 318ನೆಯ ನಂಬರಿನ ಸುತ್ತ ಕೆಂಪು ಗೆರೆ ಎಳೆದಿದ್ದಳು. "ತಗಡಿನ ಪೆಟ್ಟಿಗೆ, ಒಂದು. ಒಳಗೆ ಹಳೆಯ ಕಾಗದ." ಷರಾ ಅಂಕಣದಲ್ಲಿ "ಕಾ. ಪೇ." ಎಂಬ ಎರಡು ಅಕ್ಷರ. ಕಾ. ಪೇ. ಅಂದರೇನು ಎಂಬುದು ಅವಳ ಪ್ರಶ್ನೆ.

ಆಕೆ ಛತ್ರಪತಿ ಸಂಭಾಜಿನಗರದ ಒಂದು ಖಾಸಗಿ ಸಂಗ್ರಹದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ನಾನು ಅಲ್ಲಿದ್ದಾಗ ಊರಿಗೆ ಔರಂಗಾಬಾದ್ ಎಂಬ ಹೆಸರಿತ್ತು. ಆಕೆ ಆಗ ತೊಟ್ಟಿಲಲ್ಲಿದ್ದಳೋ ಏನೋ. ಸಂಗ್ರಹದ ಒಂದೊಂದೇ ವಸ್ತುವಿನ ಫೋಟೊ ತೆಗೆದು ಒಮೇಕಾ ಎಂಬ ತಂತ್ರಾಂಶದಲ್ಲಿ ಏರಿಸುತ್ತಿದ್ದೇನೆ ಎಂದು ಬರೆದಳು. ರಿಜಿಸ್ಟರಿನ ಪಟ್ಟಿಗೂ ಕಪಾಟಿನ ಪಟ್ಟಿಗೂ ತಾಳೆ ಹಾಕುವಾಗ 318 ಸಿಗಲಿಲ್ಲ. ಹುಡುಕಿದಾಗ ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ಹಿಂದೆ, ತಗಡಿನ ಪೆಟ್ಟಿಗೆ ಸಿಕ್ಕಿತು. ತೆರೆದರೆ ಒಳಗೆಲ್ಲ ಗ್ರಂಥಾಲಯದ ಕಾರ್ಡುಗಳು. "ಕೆಲವು ಕನ್ನಡದಲ್ಲಿವೆ ಮ್ಯಾಡಮ್. ನಮ್ಮಲ್ಲಿ ಕನ್ನಡ ಹೇಗೆ ಬಂತು?"

ಉತ್ತರ ಬರೆಯಲು ನನಗೆ ರಾತ್ರಿಯಾಯಿತು. ಕಾ. ಪೇ. ಎಂದರೆ ಕಾಕಾಂಚಿ ಪೇಟಿ, ಕಾಕಾನ ಪೆಟ್ಟಿಗೆ.

1995ರಲ್ಲಿ ಮದುವೆಯಾಗಿ ನಾಸಿಕ್‌ಗೆ ಹೋದಾಗ ನನ್ನ ಕೈಯಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನದ ಪದವಿ ಇತ್ತು, ಬಾಯಲ್ಲಿ ಸೊಲ್ಲಾಪುರದ ನೆಂಟರಿಂದ ಕಲಿತ ಮರಾಠಿ ಇತ್ತು. ಗಂಡನದು ಬ್ಯಾಂಕಿನ ನೌಕರಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿದ್ದು ಗೋದಾವರಿಯನ್ನು. ಮೊದಲ ಸಲ ರಾಮಕುಂಡದ ಮೆಟ್ಟಿಲಿಳಿದು ನೀರಿಗೆ ಕೈ ಇಟ್ಟಾಗ ಅದು ನೆನಪಾಗಿ, ಪರ ಊರಿಗೆ ಬಂದೆನೆಂಬ ಅಳುಕು ಸ್ವಲ್ಪ ಕಡಿಮೆಯಾಗಿತ್ತು.

ಹಳೆಯ ಪೇಟೆಯ ಒಂದು ವಾಡೆಯ ಮೇಲಂತಸ್ತಿನಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಚಿಕ್ಕ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ನಾಸಿಕ್‌ನಲ್ಲಿ ಗ್ರಂಥಾಲಯವೆಂದರೆ 1840ರಲ್ಲಿ ಹುಟ್ಟಿದ ಸಾರ್ವಜನಿಕ ವಾಚನಾಲಯ. ನಮ್ಮದು ಅದರ ಮೊಮ್ಮಗು ಎಂದು ಕಾಕಾ ಹೇಳುತ್ತಿದ್ದರು. ಕಾಕಾ ನಮ್ಮ ಗ್ರಂಥಪಾಲರು. ವಯಸ್ಸು ಐವತ್ತೈದರ ಆಚೆ, ಬಿಳಿ ಪೈಜಾಮ, ತೋಳಿನ ಬಳಿ ಸದಾ ಶಾಯಿಯ ಕಲೆ. ಒಂಬತ್ತು ಸಾವಿರ ಪುಸ್ತಕಕ್ಕೆ ಒಂಬತ್ತು ಸಾವಿರ ಕಾರ್ಡು, ಎಲ್ಲವೂ ಅವರ ಕೈಬರಹ. ಏಳೂವರೆಗೆ ಹನ್ನೆರಡೂವರೆ ಸೆಂಟಿಮೀಟರಿನ ದಪ್ಪ ಕಾರ್ಡು, ಕೆಳಗೆ ತೂತು, ತೂತಿನೊಳಗೆ ಹಿತ್ತಾಳೆಯ ಸಲಾಕೆ. ಡ್ರಾಯರ್ ಎಳೆದರೆ ಕರ್ಪೂರದ ವಾಸನೆ.

ಆ ಮರಾಠಿ ಗ್ರಂಥಾಲಯದಲ್ಲಿ ಒಂದು ಕನ್ನಡದ ಕಪಾಟು ಇತ್ತು. ನಾಸಿಕ್ ರೋಡಿನ ನೋಟು ಮುದ್ರಣಾಲಯದಲ್ಲಿ ದುಡಿದು ನಿವೃತ್ತರಾದ ಧಾರವಾಡದ ಕಡೆಯವರೊಬ್ಬರು ಊರಿಗೆ ಹೊರಡುವಾಗ ಇನ್ನೂರು ಚಿಲ್ಲರೆ ಪುಸ್ತಕ ಕೊಟ್ಟು ಹೋಗಿದ್ದರಂತೆ. ಕಾಕಾಗೆ ಕನ್ನಡ ಓದಲು ಬಾರದು. ಆದರೆ ಪುಸ್ತಕ ಬಂದ ಮೇಲೆ ಕಾರ್ಡು ಆಗಲೇಬೇಕು. ಹಾಗಾಗಿ ಅವರು ಪ್ರತಿ ಪುಸ್ತಕದ ಶೀರ್ಷಿಕೆ ಪುಟವನ್ನು ಎದುರಿಗಿಟ್ಟುಕೊಂಡು, ಅಕ್ಷರಗಳನ್ನು ರಂಗೋಲಿಯ ಎಳೆ ನೋಡಿ ಬಿಡಿಸುವಂತೆ ಕಾರ್ಡಿನ ಮೇಲೆ ಬಿಡಿಸಿದ್ದರು. ಒತ್ತು, ದೀರ್ಘ, ತಲೆಕಟ್ಟು ಒಂದೂ ತಪ್ಪಿರಲಿಲ್ಲ.

ನಾನು ಸೇರಿದ ವಾರವೇ ಆ ಡ್ರಾಯರನ್ನು ಮೇಜಿನ ಮೇಲಿಟ್ಟು ಓದು ಎಂದರು. ಓದುತ್ತ ಹೋದೆ, ಅವರು ಪ್ರತಿ ಕಾರ್ಡಿನ ಮೂಲೆಯಲ್ಲಿ ದೇವನಾಗರಿಯಲ್ಲಿ ಉಚ್ಚಾರ ಬರೆದುಕೊಳ್ಳುತ್ತ ಬಂದರು. ಭೈರಪ್ಪನವರ 'ಪರ್ವ' ಬಂದಾಗ ಪೆನ್ನು ಕೆಳಗಿಟ್ಟರು. ಉಮಾ ಕುಲಕರ್ಣಿಯವರ ಮರಾಠಿ ಅನುವಾದದಲ್ಲಿ ಅದನ್ನು ಎರಡು ಸಲ ಓದಿದ್ದರು. ಇಷ್ಟು ವರ್ಷ ಅದರ ಮೂಲವೇ ತಮ್ಮ ಕಪಾಟಿನಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಕಾರ್ಡನ್ನು ಬೆಳಕಿಗೆ ಹಿಡಿದು, "ನಮ್ಮಲ್ಲಿ ಈ 'ರ' ವ-ದ ತಲೆಯ ಮೇಲೆ ಕೂರುತ್ತದೆ. ನಿಮ್ಮಲ್ಲಿ ಯಾಕೆ ಹಿಂದೆ ಹೋಗಿ ಕೂತಿದೆ?" ಎಂದು ಕೇಳಿದರು. ಅರ್ಕಾವೊತ್ತಿನ ಬಗ್ಗೆ ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮೊದಲು ಉಚ್ಚರಿಸಿ ಕಡೆಗೆ ಬರೆಯುತ್ತೇವೆ ಎಂದೆ. ಅದನ್ನೂ ಕಾರ್ಡಿನ ಹಿಂಬದಿಯಲ್ಲಿ ಬರೆದಿಟ್ಟರು.

ಹಿಂಬದಿ ಬರಹ ಅವರ ರೂಢಿ. ಮುಂಬದಿಯಲ್ಲಿ ನಿಯಮ ಕೇಳುವಷ್ಟು: ಕರ್ತೃ, ಕೃತಿ, ಪ್ರಕಾಶಕ, ವರ್ಷ, ಪುಟ. ತಮಗೆ ಗೊತ್ತಾದದ್ದು ಹಿಂದೆ, ಸೀಸದ ಕಡ್ಡಿಯಲ್ಲಿ. "ಪುಟ 17ರಿಂದ 20 ಇಲ್ಲ, ಓದುಗರಿಗೆ ಮೊದಲೇ ಹೇಳುವುದು." "ಕೊಟ್ಟವರ ಮಗ ವರ್ಷಕ್ಕೊಮ್ಮೆ ಬಂದು ಮುಟ್ಟಿ ನೋಡಿ ಹೋಗುತ್ತಾನೆ, ಎರವಲು ಕೊಡಬೇಡ." ಇದನ್ನೆಲ್ಲ ಯಾರು ಓದುತ್ತಾರೆ ಎಂದು ಒಮ್ಮೆ ಕೇಳಿದ್ದೆ. "ಜತನ ಅಂದರೆ ಇದೇ ಅಲ್ಲವೇ ಮಗಳೇ," ಎಂದಿದ್ದರು. ಜತನ ಎಂಬ ಮಾತು ಅವರಿಗೂ ನಮಗೂ ಒಂದೇ. ನಮ್ಮ ಮನೆಯಲ್ಲಿ ಅಜ್ಜಿ ಬೀಜದ ಜೋಳಕ್ಕೆ ಬಳಸುತ್ತಿದ್ದ ಮಾತು ಅದು.

ಒಂದು ಭಾನುವಾರ ಅವರು ನನ್ನನ್ನೂ ನನ್ನ ಗಂಡನನ್ನೂ ಪಾಂಡವಲೇಣಿ ಗುಹೆಗಳ ಗುಡ್ಡಕ್ಕೆ ಕರೆದೊಯ್ದರು. ಗೌತಮೀಪುತ್ರ ಸಾತಕರ್ಣಿಯ ತಾಯಿ ಬಲಶ್ರೀಯ ಶಾಸನವನ್ನು ಎಲ್ಲರೂ ತೋರಿಸುತ್ತಾರೆ. ಕಾಕಾ ತೋರಿಸಿದ್ದು ಮತ್ತೊಂದನ್ನು, ಕ್ಷತ್ರಪ ನಹಪಾನನ ಅಳಿಯ ಉಷವದಾತ ಬರೆಸಿದ್ದನ್ನು. ಸುಮಾರು 1,900 ವರ್ಷದ ಹಿಂದೆ ಅವನು ಈ ಗುಹೆಯ ಭಿಕ್ಷುಗಳಿಗಾಗಿ ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ 3,000 ಕಹಾಪಣ ಠೇವಣಿ ಇಟ್ಟ. 2,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ, 1,000ಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ, ಬಡ್ಡಿ ಭಿಕ್ಷುಗಳ ಚೀವರಕ್ಕೂ ಇತರ ಖರ್ಚಿಗೂ. ಇದನ್ನೆಲ್ಲ ನಿಗಮಸಭೆಯಲ್ಲಿ ಸಾರಿ, ಪದ್ಧತಿಯಂತೆ ಫಲಕಗಳ ಕಚೇರಿಯಲ್ಲಿ ದಾಖಲಿಸಲಾಗಿದೆ ಎಂದು ಶಾಸನವೇ ಹೇಳುತ್ತದೆ. "ಫಲಕಗಳು ಎಲ್ಲಿ ಹೋದವು?" ಎಂದು ಕಾಕಾ ಗೋಡೆಯ ಮೇಲೆ ಅಂಗೈ ಇಟ್ಟು ಕೇಳಿದರು. "ಕಚೇರಿಯವರು ದಾಖಲೆ ಇದೆ ಎಂದು ನಂಬಿ ಕೂತಿದ್ದರೆ ನಮಗೆ ಏನೂ ಉಳಿಯುತ್ತಿರಲಿಲ್ಲ. ಯಾರೋ ಇನ್ನೊಂದು ಪ್ರತಿ ಕಲ್ಲಿನಲ್ಲಿ ಮಾಡಿಸಿದರು." ನನಗೆ ಆಗ ಇಪ್ಪತ್ತೈದು. ಬಿಸಿಲು ಹೆಚ್ಚಾಗಿತ್ತು, ಬೇಗ ಇಳಿದರೆ ಸಾಕೆನಿಸಿತ್ತು.

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದದ್ದು 1996ರಲ್ಲಿ. ಕಪ್ಪು ಪರದೆ, ಬಿಳಿ ಅಕ್ಷರ, ಡಾಸ್. ಯುನೆಸ್ಕೊ ಮಾಡಿದ ಸಿಡಿಎಸ್-ಐಸಿಸ್ ಎಂಬ ತಂತ್ರಾಂಶವನ್ನು ಭಾರತದಲ್ಲಿ ನಿಸ್ಸಾಟ್ ಎಂಬ ಸರ್ಕಾರಿ ಯೋಜನೆ ಗ್ರಂಥಾಲಯಗಳಿಗೆ ಹಂಚುತ್ತಿತ್ತು. ಧಾರವಾಡದಲ್ಲಿ ಕಲಿತಿದ್ದೆ, ಇಲ್ಲಿ ಕೂಡಿಸಿದೆ. ಎರಡು ವರ್ಷದಲ್ಲಿ ಸಾವಿರದ ನೂರು ಪುಸ್ತಕದ ವಿವರ ತುಂಬಿದೆ. ಎಲ್ಲವೂ ರೋಮನ್ ಲಿಪಿಯಲ್ಲಿ. ದೇವನಾಗರಿಗೆ ಬೇಕಾದ ಜಿಸ್ಟ್ ಕಾರ್ಡಿಗೆ ದುಡ್ಡಿರಲಿಲ್ಲ. ವಂಶವೃಕ್ಷದ ಮೊದಲ ಅಕ್ಷರಕ್ಕೆ ಒಂದು ದಿನ ವಿ, ಇನ್ನೊಂದು ದಿನ ಡಬ್ಲ್ಯು ಹೊಡೆದಿರುತ್ತಿದ್ದೆ. ಹುಡುಕಿದರೆ ಒಂದೇ ಪುಸ್ತಕ ಎರಡು ಕಡೆ.

1998ರಲ್ಲಿ ಒಬ್ಬ ಮಾರಾಟಗಾರ ಬಂದ. ಬಣ್ಣದ ಪರದೆ, ಮೌಸ್, ಮರಾಠಿ ಕಾಣುತ್ತದೆ, ಕನ್ನಡವೂ ಕಾಣುತ್ತದೆ. ನನಗೆ ಕಣ್ಣು ತುಂಬಿ ಬಂತು. ಪರದೆಯ ಮೇಲೆ 'ಪರ್ವ' ಎಂದು ಮೂಡಿದ್ದನ್ನು ನೋಡಲು ಕಾಕಾನನ್ನು ಕೂಗಿ ಕರೆದೆ. ಅವರು ಬಗ್ಗಿ ನೋಡಿ ಎರಡೇ ಪ್ರಶ್ನೆ ಕೇಳಿದರು. ಹಿಂಬದಿಯದು ಎಲ್ಲಿ ಬರೆಯುವುದು? ಇವರು ಅಂಗಡಿ ಮುಚ್ಚಿದರೆ ಇದನ್ನು ತೆರೆಯುವವರು ಯಾರು? ಮೊದಲನೆಯದಕ್ಕೆ ಮಾರಾಟಗಾರ, ಅದಕ್ಕೆ ಜಾಗ ಇಲ್ಲ ಎಂದ. ಎರಡನೆಯದಕ್ಕೆ ನಾನೇ ಉತ್ತರ ಕೊಟ್ಟೆ, ಅವರಿಗೆ ಹೊಸದು ಒಗ್ಗುವುದಿಲ್ಲ ಎಂದು ಟ್ರಸ್ಟಿಗಳ ಎದುರು. ಅವರು ಮತ್ತೆ ಮಾತಾಡಲಿಲ್ಲ. ಟ್ರಸ್ಟ್ ನನ್ನ ಶಿಫಾರಸಿನ ಮೇಲೆ ಅದನ್ನು ಕೊಂಡಿತು.

ಸಂಕ್ರಾಂತಿ ಕಳೆದು ಮಾರನೆಯ ವಾರ, 1999ರ ಜನವರಿಯಲ್ಲಿ, ಕಾರ್ಡಿನ ಕಪಾಟುಗಳನ್ನು ತೆಗೆಸಲು ನಾನೇ ಬರೆದುಕೊಟ್ಟೆ. ವಾಡೆಯಲ್ಲಿ ಜಾಗ ಇರಲಿಲ್ಲ, ಓದುಗರಿಗೆ ಒಂದು ಮೇಜು ಹೆಚ್ಚು ಹಾಕಬೇಕಿತ್ತು; ಕಾರಣಗಳೇನೋ ಇದ್ದವು. ಕಾರ್ಡುಗಳನ್ನು ತೂಕಕ್ಕೆ ಹಾಕಿ ರದ್ದಿಯವ ಒಯ್ದ. ಹಿತ್ತಾಳೆಯ ಸಲಾಕೆಗಳಿಗೆ ಬೇರೆ ದರ.

ಆ ತಂತ್ರಾಂಶ ತೆರೆಯಬೇಕೆಂದರೆ ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಒಂದು ಬೀಗ ಸಿಕ್ಕಿಸಿರಬೇಕಿತ್ತು. ಡಾಂಗಲ್ ಎನ್ನುತ್ತಿದ್ದರು. ಮೂರು ವರ್ಷಕ್ಕೆ ಮಾರಾಟಗಾರನ ಫೋನ್ ಎತ್ತುವವರಿಲ್ಲದಾಯಿತು, ಆಮೇಲೆ ಬೀಗ ಕೆಟ್ಟಿತು. ಒಳಗಿನ ಕಡತವನ್ನು ಬೇರೆ ದಾರಿಯಿಂದ ತೆರೆದರೂ ಓದಲಾಗುತ್ತಿರಲಿಲ್ಲ. ಆಗಿನ ಭಾರತೀಯ ಲಿಪಿಗಳ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯೊಳಗೆ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸುತ್ತಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡದ ಜಾಗದಲ್ಲಿ ಜಪಾನಿನ ಹಣದ ಗುರುತು, ತಲೆಯ ಮೇಲೆ ಗೀಟು ಹೊತ್ತ ಎ, ಅರ್ಧ ಚಂದ್ರ. ಒಂಬತ್ತು ಸಾವಿರ ಪುಸ್ತಕದ ವಿವರ ಹೀಗೆ ಹೋಯಿತು. ಮಾರಿದವನನ್ನು ಬೈದುಕೊಂಡು ಹಲವು ವರ್ಷ ಕಳೆದೆ. ಈಗ ಅನ್ನಿಸುತ್ತದೆ, ಅವನು ಮಾರಿದ್ದು ಅವನ ಸರಕು. ಕಾಕಾ ಕೇಳಿದ ಪ್ರಶ್ನೆಯನ್ನು ಕೇಳಬೇಕಿದ್ದವಳು ಗ್ರಂಥಾಲಯ ವಿಜ್ಞಾನ ಓದಿದ ನಾನು.

ನಮ್ಮ ಕಾರ್ಡುಗಳು ರದ್ದಿಗೆ ಹೋದ ಅದೇ 1999ರಲ್ಲಿ ನ್ಯೂಜಿಲೆಂಡಿನ ಲೆವಿನ್ ಎಂಬ ಸಣ್ಣ ಊರಿನ ಗ್ರಂಥಾಲಯದವರೂ ಕಂಪ್ಯೂಟರಿನ ಚಿಂತೆಯಲ್ಲಿದ್ದರು. ಹೊರೊಫೆನುವಾ ಲೈಬ್ರರಿ ಟ್ರಸ್ಟ್ ಎಂದು ಅದರ ಹೆಸರು. ಅವರ ಹಳೆಯ ತಂತ್ರಾಂಶ 2000 ಎಂಬ ಇಸವಿಯನ್ನು ದಾಟುವಂತಿರಲಿಲ್ಲ. ಅವರು ಕಟಿಪೊ ಎಂಬ ಚಿಕ್ಕ ಸಂಸ್ಥೆಯಿಂದ ಹೊಸದೊಂದನ್ನು ಬರೆಸಿದರು, 2000ದ ಜನವರಿ 3ರಂದು ಬಳಕೆಗೆ ಇಟ್ಟರು. ಆಮೇಲೆ ಮೂಲ ಬರಹ ಸಮೇತ ಎಲ್ಲವನ್ನೂ ಜಗತ್ತಿಗೆ ಬಿಟ್ಟುಕೊಟ್ಟರು: ಬಳಸಿ, ಬಿಚ್ಚಿ ನೋಡಿ, ತಿದ್ದಿ, ತಿದ್ದಿದ್ದನ್ನು ಹಂಚುವಾಗ ಇದೇ ಷರತ್ತಿನಲ್ಲಿ ಹಂಚಿ. ಅದೇ ಕೋಹಾ. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಕಾಣಿಕೆ, ಆದರೆ ಕೊಟ್ಟು ಮರೆಯುವ ಕಾಣಿಕೆಯಲ್ಲ. ಪಡೆದವರು ಮುಂದೊಂದು ದಿನ ತಿರುಗಿ ಕೊಡುವರೆಂಬ ಸಂಬಂಧ ಅದರಲ್ಲಿದೆ. ಇದನ್ನು ಮೊದಲು ಕೇಳಿದಾಗ ಎಷ್ಟು ಹತ್ತಿರದ ಮಾತೆನಿಸಿತು. ನಮ್ಮ ಕಡೆ ಮದುವೆಯಲ್ಲಿ ಆಯಾರ ಮಾಡುತ್ತಾರೆ, ಮರಾಠಿಯವರು ಆಹೇರ ಎನ್ನುತ್ತಾರೆ, ಮೈಸೂರಿನ ಕಡೆ ಮುಯ್ಯಿ. ಯಾರು ಏನು ಹಾಕಿದರೆಂದು ಮನೆಯಲ್ಲಿ ಒಂದು ವಹಿ ಇರುತ್ತದೆ, ಅವರ ಮನೆಯ ಕಾರ್ಯ ಬಂದಾಗ ನೋಡಿಕೊಂಡು ಹೊರಡುತ್ತೇವೆ.

ಕೋಹಾದ ಪರಿಚಯ ನನಗಾದದ್ದು ಕರ್ನಾಟಕಕ್ಕೆ ಮರಳಿದ ಮೇಲೆ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ. ಅಷ್ಟರಲ್ಲಿ ಯುನಿಕೋಡ್ ಕೈಗೆ ಬಂದಿತ್ತು. ಅದರಲ್ಲಿ 'ಪರ್ವ' ಬರೆಯಬೇಕೆಂದರೆ ಯಂತ್ರ ಒಳಗೆ ಪ, ರ, ಹಲಂತ, ವ ಎಂದೇ ಇಟ್ಟುಕೊಳ್ಳುತ್ತದೆ, ಬಾಯಿ ಹೇಳುವ ಕ್ರಮದಲ್ಲಿ. ಅರ್ಕಾವೊತ್ತನ್ನು ಹಿಂದೆ ಒಯ್ದು ಕೂರಿಸುವುದು ಪರದೆಗೆ ಬರುವಾಗ. ದೇವನಾಗರಿಯಲ್ಲೂ ಒಳಗಿನ ಕ್ರಮ ಇದೇ, ತಲೆಯ ಮೇಲೆ ಹತ್ತುವುದು ಕಣ್ಣಿಗೆ ಮಾತ್ರ. ಕಾಕಾ ಬೆಳಕಿಗೆ ಕಾರ್ಡು ಹಿಡಿದು ಕೇಳಿದ್ದಕ್ಕೆ ಪೂರ್ತಿ ಉತ್ತರ ಸಿಕ್ಕ ದಿನ ಅವರು ಇರಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಇನ್ನೊಂದು ಕೆಲಸ ಮಾಡಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಸಾವಿರಾರು ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಆದರೆ ಹೆಸರುಗಳೆಲ್ಲ ತೋಚಿದ ಹಾಗೆ ರೋಮನ್ ಲಿಪಿಯಲ್ಲಿ. ಪುಸ್ತಕ ಅಲ್ಲೇ ಇದೆ, ಹುಡುಕಿದರೆ ಸಿಗದು. ಓಂ ಶಿವಪ್ರಕಾಶ್ ಮತ್ತು ಗೆಳೆಯರ ಸಂಚಯ ತಂಡ 'ಸಮೂಹ ಸಂಚಯ' ಎಂದು ಒಂದು ವೇದಿಕೆ ಮಾಡಿ, ಆ ಹೆಸರುಗಳನ್ನು ಕನ್ನಡಕ್ಕೆ ಬರೆದುಕೊಡಿ ಎಂದು ಯಾರು ಬೇಕಾದರೂ ಕೈ ಹಚ್ಚುವಂತೆ ಬಿಟ್ಟಿತು. ಆ ಹೆಸರುಗಳಿಂದಲೇ 'ಪುಸ್ತಕ ಸಂಚಯ' ಎಂಬ ಹುಡುಕುತಾಣ ಬೆಳೆಯಿತು. ನಾನೂ ರಾತ್ರಿ ಊಟವಾದ ಮೇಲೆ ಕೂತು ಬರೆಯುತ್ತಿದ್ದೆ. ರೋಮನ್ ಸಾಲನ್ನು ಬಾಯಲ್ಲಿ ಎರಡು ಮೂರು ರೀತಿ ಹೇಳಿ ನೋಡಿ, ಆಹಾ ಇದು ಇಂಥ ಪುಸ್ತಕ ಎಂದು ಹೊಳೆದಾಗ ಆಗುತ್ತಿದ್ದ ಸಂತೋಷ ಸಣ್ಣದಲ್ಲ. ಪುಟದ ಚಿತ್ರ ತೆಗೆಯುವುದು ಯಂತ್ರದ ಕೆಲಸ; ಕಾರ್ಡು ಬರೆಯುವವರಿಲ್ಲದೆ ಆ ಚಿತ್ರ ಕತ್ತಲೆಯಲ್ಲೇ ಇರುತ್ತದೆ ಎಂಬುದು ಆ ರಾತ್ರಿಗಳಲ್ಲಿ ನನಗೆ ಚೆನ್ನಾಗಿ ತಿಳಿಯಿತು.

ಹಾಗಿದ್ದರೂ 318 ನೆನಪಾಗಲಿಲ್ಲ. ಅಥವಾ ನೆನಪಾಗಲು ನಾನು ಬಿಡಲಿಲ್ಲ.

ಗಂಡನಿಗೆ 2000ದಲ್ಲಿ ಔರಂಗಾಬಾದಿಗೆ ವರ್ಗವಾಯಿತು. ಟ್ರಸ್ಟಿನ ಕುಟುಂಬದವರದೇ ಒಂದು ಸಂಗ್ರಹ ಅಲ್ಲಿತ್ತು: ನಾಣ್ಯ, ಹಿಮ್ರೂ ಬಟ್ಟೆಯ ತುಣುಕು, ಹಿತ್ತಾಳೆ ಸಾಮಾನು, ನಾಸಿಕ್‌ನ ಗ್ರಂಥಾಲಯದಿಂದ ಬಂದ, ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದದ ರುಮಾಲುಗಳು. ಅರ್ಧ ದಿನದ ಕೆಲಸಕ್ಕೆ ನನ್ನನ್ನು ಅಲ್ಲಿಗೆ ಹಾಕಿದರು. ಪುಸ್ತಕ ತನ್ನ ಹೆಸರನ್ನು ತಾನೇ ಹೇಳುತ್ತದೆ, ಅಡಕೊತ್ತು ಹೇಳುವುದಿಲ್ಲ. ವಸ್ತುವಿಗೆ ನಂಬರು ಬರೆಯುವ ಮೊದಲು ವಾರ್ನಿಶ್ಶಿನ ಒಂದು ಪೊರೆ ಹಚ್ಚಬೇಕು, ನಾಳೆ ಅಳಿಸಬೇಕಾದರೆ ವಸ್ತುವಿಗೆ ಗಾಯವಾಗಬಾರದು. ಹೀಗೆ ಒಂದೊಂದೇ ಕಲಿತುಕೊಳ್ಳುತ್ತಿದ್ದೆ.

2001ರ ದೀಪಾವಳಿಯ ನಂತರ ಕಾಕಾ ಬಂದರು. ನಿವೃತ್ತರಾಗಿದ್ದರು. ನಾಸಿಕ್‌ನಿಂದ ಎಸ್‌ಟಿ ಬಸ್ಸಿನ ಟಪ್ಪಿನ ಮೇಲೆ ಹೇರಿಕೊಂಡು ಬಂದ ತಗಡಿನ ಪೆಟ್ಟಿಗೆಯನ್ನು ಹಮಾಲನ ಕೈಯಲ್ಲಿ ಒಳಗೆ ಇಡಿಸಿ ನೀರು ಕುಡಿದರು. ರದ್ದಿಯವನು ಬರುವ ಹಿಂದಿನ ರಾತ್ರಿ ತಾವು ತೆಗೆದಿಟ್ಟ ಕಾರ್ಡುಗಳು ಎಂದರು. ಮನೆ ಚಿಕ್ಕದು, ಮಗನಿಗೆ ಜಾಗ ಬೇಕು, ಇಲ್ಲಿ ಇದ್ದರೆ ಉಳಿಯುತ್ತದೆ. ರಿಜಿಸ್ಟರಿಗೆ ಏರಿಸು, ಒಳಗೇನಿದೆ ಎಂದು ಬರೆ. ನನ್ನ ಮುಖ ಅವರು ನೋಡಲಿಲ್ಲ, ನನ್ನನ್ನು ನೋಡದೆ ಇರುವ ದಯೆ ತೋರಿಸಿದರು. ಆಗಷ್ಟೇ ನಾಸಿಕ್‌ನ ಬೀಗ ಕೆಟ್ಟ ಸುದ್ದಿ ಬಂದಿತ್ತು.

ಅವರು ಹೋದ ಮೇಲೆ ಪೆನ್ನು ತೆಗೆದುಕೊಂಡೆ. ಒಳಗೇನಿದೆ ಎಂದು ಬರೆದರೆ, ಅವು ಯಾಕೆ ಇಲ್ಲಿವೆ ಎಂದು ಒಂದಲ್ಲ ಒಂದು ದಿನ ಯಾರಾದರೂ ಕೇಳುತ್ತಾರೆ. "ಒಳಗೆ ಹಳೆಯ ಕಾಗದ" ಎಂದು ಬರೆದೆ. ಮುಚ್ಚಳ ತೆರೆಯಲೇ ಇಲ್ಲ. ಷರಾದಲ್ಲಿ ಎರಡು ಅಕ್ಷರ ಹಾಕಿದ್ದಷ್ಟೇ ನಾನು ಅವರಿಗೆ ಸಲ್ಲಿಸಿದ ಮರ್ಯಾದೆ. 2003ರಲ್ಲಿ ಊರು ಬಿಟ್ಟೆ. ಮೂರು ಮಾತಿನ ಆ ಸಾಲು ಪೆಟ್ಟಿಗೆಯನ್ನು ಇಪ್ಪತ್ತನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಟ್ಟಿತು.

ಹುಡುಗಿಗೆ ಉತ್ತರ ಬರೆದ ಮೇಲೆ ನಾನೇ ಹೊರಟೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಮನಮಾಡದಲ್ಲಿ ಇಳಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ನಾಸಿಕ್, ಆಗ್ನೇಯದ ಹಾದಿ ಹಿಡಿದರೆ ಸಂಭಾಜಿನಗರ. ಮೊದಲು ನಾಸಿಕ್‌ಗೆ ಹೋದೆ. ವಾಡೆ ಇದ್ದ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ. ಗ್ರಂಥಾಲಯ ಮುಚ್ಚಿ ಪುಸ್ತಕಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ ಎಂದು ಗೊತ್ತಿತ್ತು, ಆದರೂ ಕೆಳಗೆ ನಿಂತು ಮೇಲೆ ನೋಡಿದೆ. ಪಾಂಡವಲೇಣಿಯ ಮೆಟ್ಟಿಲನ್ನು ಎರಡು ಕಡೆ ಕೂತು ಹತ್ತಿದೆ. ಉಷವದಾತನ ಸಾಲುಗಳ ಮುಂದೆ ಕಾಲೇಜು ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕಾಕಾ ಅಂಗೈ ಇಟ್ಟ ಜಾಗ ಯಾವುದೆಂದು ಹೇಳಲಾರೆ.

ಸಂಭಾಜಿನಗರದ ಹುಡುಗಿ ನನ್ನನ್ನು ಬಸ್ ನಿಲ್ದಾಣದಿಂದಲೇ ಕರೆದೊಯ್ದಳು. ಪೆಟ್ಟಿಗೆಯನ್ನು ಒರೆಸಿ ಮೇಜಿನ ಮೇಲಿಟ್ಟಿದ್ದಳು. ಪಕ್ಕದಲ್ಲಿ 318 ಎಂಬ ನನ್ನ ಕೆಂಪು ಬಣ್ಣದ ಅಂಕಿ, ವಾರ್ನಿಶ್ಶಿನ ಮೇಲೆ, ಹಾಗೇ ಇತ್ತು. ಸುಮಾರು ಆರುನೂರು ಕಾರ್ಡು. ಕನ್ನಡದ ಕಪಾಟಿನವು ಎಲ್ಲವೂ, ಮೋಡಿ ರುಮಾಲುಗಳವು ಎಲ್ಲವೂ, ಉಳಿದ ಮರಾಠಿಯವು ಅಲ್ಲೊಂದು ಇಲ್ಲೊಂದು. ಆಯ್ಕೆಯ ಲೆಕ್ಕ ನಮಗೆ ಮೊದಲು ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳೇ ಕಂಡುಹಿಡಿದಳು: ಆ ಮರಾಠಿ ಕಾರ್ಡುಗಳ ಹಿಂಬದಿಯಲ್ಲೆಲ್ಲ ಬರಹ ಇತ್ತು. ಒಂದು ರಾತ್ರಿಯಲ್ಲಿ ಒಂಬತ್ತು ಸಾವಿರ ಕಾರ್ಡುಗಳನ್ನು ಮಗುಚಿ, ಬೇರೆಲ್ಲೂ ಸಿಗದ ಮಾತು ಬರೆದಿದ್ದ ಕಾರ್ಡುಗಳನ್ನು ಮಾತ್ರ ಅವರು ಎತ್ತಿಟ್ಟಿದ್ದರು.

ತಳದಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ನಾಲ್ಕು ಫ್ಲಾಪಿ. ನನ್ನ ಸಿಡಿಎಸ್-ಐಸಿಸ್ ಬ್ಯಾಕಪ್. ಬೇಡವೆಂದು ನಾನು ಡ್ರಾಯರಿನಲ್ಲಿ ಬಿಟ್ಟಿದ್ದನ್ನು ಅವರು ಕಾರ್ಡುಗಳ ಜೊತೆಗೇ ಜತನ ಮಾಡಿದ್ದರು. ನಾನು ಬರುವ ಮೊದಲೇ ಹುಡುಗಿ ಯುಎಸ್‌ಬಿಗೆ ಹಚ್ಚುವ ಫ್ಲಾಪಿ ಡ್ರೈವ್ ತರಿಸಿದ್ದಳು. ಎರಡು ಓದಿದವು, ಎರಡು ಗರಗರ ಎಂದು ನಿಂತವು. ಒಳಗಿದ್ದದ್ದು ಐಎಸ್‌ಒ 2709 ಎಂಬ ಮಾದರಿಯ ಕಡತ. ಗ್ರಂಥಾಲಯಗಳು ದಾಖಲೆ ವಿನಿಮಯಕ್ಕೆ ಬಳಸುವ, ರಚನೆ ಎಲ್ಲರಿಗೂ ತೆರೆದಿರುವ ಮಾದರಿ. ಕೋಹಾ ಈಗಲೂ ಅದನ್ನೇ ನುಂಗುತ್ತದೆ. ಐಸಿಸ್ ಪ್ರತಿ 80 ಅಕ್ಷರಕ್ಕೆ ಸಾಲು ಮುರಿದಿಡುತ್ತಿತ್ತು. ಅವಳು ಪೈಥಾನಿನಲ್ಲಿ ಹತ್ತು ಸಾಲು ಬರೆದು ಅದನ್ನು ಕೂಡಿಸಿದಳು. ಸಾವಿರದ ನೂರರಲ್ಲಿ ಆರುನೂರ ನಲವತ್ತು ದಾಖಲೆ ಪರದೆಯ ಮೇಲೆ ಬಂದವು. ವಂಶವೃಕ್ಷ ಎರಡು ಸಲ ಬಂತು, ವಿ-ಯಲ್ಲಿ ಒಂದು, ಡಬ್ಲ್ಯು-ದಲ್ಲಿ ಒಂದು.

ಅವಳು ಒಮೇಕಾವನ್ನು ಯಾಕೆ ಆರಿಸಿಕೊಂಡಳೆಂದು ಕೇಳಿದೆ. ಪುಣೆಯ ಸಿಡ್ಯಾಕ್ ಭಾರತದ ವಸ್ತುಸಂಗ್ರಹಾಲಯಗಳಿಗೆಂದು ಮಾಡಿದ ತಂತ್ರಾಂಶಕ್ಕೆ ಇಟ್ಟ ಹೆಸರೇ ಜತನ್. ರಾಷ್ಟ್ರೀಯ ಸಂಗ್ರಹಾಲಯಗಳ ವಸ್ತುಗಳು ಅದರಲ್ಲಿವೆ. ನಮ್ಮಂಥ ಮೂರು ಕೋಣೆಯ ಸಂಗ್ರಹಕ್ಕೆ ಒಮೇಕಾ ಸಾಕು ಎಂದಳು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರು 2008ರಲ್ಲಿ ಹೊರತಂದದ್ದು. ಯಾರ ಅಪ್ಪಣೆಯೂ ಬೇಡ, ಇಳಿಸಿಕೊಂಡು ಕೂಡಿಸಿದರಾಯಿತು. ಪ್ರತಿ ವಸ್ತುವಿಗೆ ಡಬ್ಲಿನ್ ಕೋರ್‌ನ 15 ಅಂಕಣ. ನಾಳೆ ಒಮೇಕಾ ಬೇಡವೆನಿಸಿದರೆ ಅಷ್ಟನ್ನೂ ಹೊರಗೆ ತೆಗೆದು ಬೇರೆಡೆಗೆ ಒಯ್ಯಬಹುದು. ಕಾಕಾ ಕೇಳಿದ ಎರಡನೆಯ ಪ್ರಶ್ನೆಗೆ ಅವಳು ಕೇಳದೆಯೇ ಉತ್ತರ ಕೊಟ್ಟಳು.

ಆದರೂ ನಾನು ಅವಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಿದೆ. ತೆರೆದ ತಂತ್ರಾಂಶ ತಾನಾಗಿ ಉಳಿಯುವುದಿಲ್ಲ. ಕೋಹಾ ಹಾಕಿದ, ಉದ್ಘಾಟನೆಯ ಫೋಟೊ ತೆಗೆಸಿಕೊಂಡ, ವರ್ಷದೊಳಗೆ ಧೂಳು ಹಿಡಿದ ಎಷ್ಟೋ ಗ್ರಂಥಾಲಯಗಳನ್ನು ನಾನು ಕಂಡಿದ್ದೇನೆ. ಪುಕ್ಕಟೆ ಎಂಬ ಮಾತು ಕೇಳಿದ ಕೂಡಲೇ ಆಡಳಿತದವರು ಸರ್ವರಿನ ಬಾಡಿಗೆಯನ್ನೂ, ಗ್ರಂಥಪಾಲರ ಸಂಬಳವನ್ನೂ ಪುಕ್ಕಟೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಇದು ನನಗೆ ಸಿಟ್ಟು ತರಿಸುವ ವಿಷಯ. ಅವಳ ಸಂಬಳ ಕೇಳಿದೆ. ಹೇಳಿದಳು. ಅದನ್ನು ಇಲ್ಲಿ ಬರೆಯಲಾರೆ, ಟ್ರಸ್ಟಿಗಳಿಗೆ ಬರೆದಿದ್ದೇನೆ.

ಮೂರು ದಿನ ಕೂತೆವು. ಮೋಡಿ ಲಿಪಿ ಯುನಿಕೋಡಿಗೆ ಬಂದದ್ದು 2014ರಲ್ಲಿ, ಹಾಗಾಗಿ ಈಗ ಆ ಕಾಗದಗಳ ಶೀರ್ಷಿಕೆಯನ್ನು ಮೋಡಿಯಲ್ಲೇ ಬರೆಯಬಹುದು, ಅದಕ್ಕೊಬ್ಬ ಹಿರಿಯರನ್ನು ಅವಳು ಹುಡುಕಿಕೊಂಡಿದ್ದಾಳೆ. ಆ ರುಮಾಲುಗಳಲ್ಲಿ ಸಾಲದ ಪತ್ರಗಳಿವೆ, ಯಾರ ಹೊಲ ಯಾರ ಬಳಿ ಅಡವಿತ್ತು ಎಂಬುದಿದೆ. ಒಂದು ಕಾರ್ಡಿನ ಹಿಂದೆ ಕಾಕಾ ಬರೆದಿದ್ದರು: "ಮೊಮ್ಮಕ್ಕಳು ಇದೇ ಪೇಟೆಯಲ್ಲಿದ್ದಾರೆ. ಕೇಳದೆ ತೋರಿಸಬೇಡ." ಒಮೇಕಾದಲ್ಲಿ ಪ್ರತಿ ವಸ್ತುವಿಗೂ ಸಾರ್ವಜನಿಕ ಎಂಬ ಒಂದು ಚೌಕವಿದೆ. ಅವಳು ಆ ಕಟ್ಟಿನ ಚೌಕದ ಗುರುತು ತೆಗೆದಳು. ಊರಿನ ಹೆಸರಿಗೆ ಬಂದಾಗ ಸ್ವಲ್ಪ ಚರ್ಚೆಯಾಯಿತು. 2023ರಲ್ಲಿ ಹೆಸರು ಬದಲಾಗಿದೆ, ರಿಜಿಸ್ಟರು ತುಂಬ ಔರಂಗಾಬಾದ್. ನಮ್ಮ ಗುಲ್ಬರ್ಗಾ ಕಲಬುರಗಿಯಾದಾಗ ನಾನು ಮಾಡಿದ್ದನ್ನೇ ಹೇಳಿದೆ: ಮೂಲದಲ್ಲಿ ಇದ್ದಂತೆ ಇರಲಿ, ಪಕ್ಕದಲ್ಲಿ ಈಗಿನ ಹೆಸರು ಕೊಡು, ಯಾವುದನ್ನು ಹುಡುಕಿದರೂ ಸಿಗಲಿ.

ಕಾರ್ಡಿನ ಹಿಂಬದಿಗೂ ಜಾಗ ಸಿಕ್ಕಿತು. ಕೋಹಾ ಬಳಸುವ ಮಾರ್ಕ್ ಮಾದರಿಯಲ್ಲಿ 561ನೆಯ ಅಂಕಣ ಇರುವುದೇ ಒಂದು ಪ್ರತಿ ಯಾರ ಕೈಯಿಂದ ಯಾರ ಕೈಗೆ ಬಂತೆಂದು ಬರೆಯಲು. ಒಮೇಕಾದಲ್ಲಿ ನಾವು ಕಾರ್ಡಿನ ಎರಡೂ ಮುಖದ ಚಿತ್ರ ಹಾಕಿ, ಹಿಂಬದಿಯ ಮಾತನ್ನು ಅಕ್ಷರಶಃ ಟೈಪ್ ಮಾಡಿದೆವು. ಅಕ್ಷರ ಗುರುತಿಸುವ ತೆರೆದ ತಂತ್ರಾಂಶ ಟೆಸೆರಾಕ್ಟ್‌ಗೆ ಮೊದಲು ಕಾಕಾನ ಕನ್ನಡವನ್ನು ಕೊಟ್ಟು ನೋಡಿದಳು. ಅದು ಅಚ್ಚಿನ ಅಕ್ಷರಕ್ಕೆ ಪಳಗಿದ್ದು, ಕೈಬರಹಕ್ಕಲ್ಲ. ಪ, ಷ, ವ ಎಲ್ಲ ಕಲಸಿ ಬಂತು. ಹಾಗಾಗಿ ನಾನು ಓದುತ್ತ ಹೋದೆ, ಅವಳು ಬರೆದುಕೊಂಡಳು. 'ಪರ್ವ'ದ ಕಾರ್ಡು ಎರಡನೆಯ ದಿನ ಸಂಜೆ ಬಂತು. ಹಿಂಬದಿಯಲ್ಲಿ ಸೀಸದ ಕಡ್ಡಿಯ ಬರಹ, ಮಸುಕಾಗಿದ್ದರೂ ಓದುವಂತಿತ್ತು: "ಇವರಲ್ಲಿ ರ-ಕಾರ ಹಿಂದೆ ಕೂರುತ್ತದೆ, ಮೊದಲು ಉಚ್ಚಾರ. ಹೇಳಿದವರು," ಎಂದು ನನ್ನ ಹೆಸರು, ತಾರೀಕು. ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ನಾನು ಮುಖ ತೊಳೆದು ಬರುವವರೆಗೆ ಕಾದಳು.

ಕೊನೆಯ ದಿನ 318ಕ್ಕೆ ಬಂದೆವು. ಕರ್ತೃ ಎಂಬ ಅಂಕಣದಲ್ಲಿ ಕಾಕಾನ ಪೂರ್ತಿ ಹೆಸರು ಹೇಳಿದೆ. ತಂದೆಯ ಹೆಸರು ನೆನಪಾಗದೆ ನಾಸಿಕ್‌ಗೆ ಅವರ ಮಗನಿಗೆ ಫೋನ್ ಮಾಡಿ ಕೇಳಿಕೊಂಡೆವು. ವಿವರಣೆಯಲ್ಲಿ ಕಾರ್ಡುಗಳ ಸಂಖ್ಯೆ, ಭಾಷೆಗಳು, ಯಾವ ಗ್ರಂಥಾಲಯದವು, ಯಾಕೆ ತೆಗೆಯಲಾಯಿತು, ತೆಗೆಸಿದವರು ಯಾರು, ಉಳಿಸಿದವರು ಯಾರು. ಎಲ್ಲವನ್ನೂ ಮರಾಠಿಯಲ್ಲಿ ಹೇಳಿ ಬರೆಸಿದೆ, ಆಮೇಲೆ ಕನ್ನಡದಲ್ಲಿ ನಾನೇ ಟೈಪ್ ಮಾಡಿದೆ.

"ಹಳೆಯ ವಿವರಣೆ ಅಳಿಸಿಬಿಡಲೇ ಮ್ಯಾಡಮ್?" ಎಂದಳು. ರಿಜಿಸ್ಟರಿನಿಂದ ಇಳಿಸಿದ ನನ್ನ ಸಾಲು ಮೇಲೆ ಹಾಗೇ ಇತ್ತು.

ಬೇಡ ಎಂದೆ. ಒಮೇಕಾದಲ್ಲಿ ಒಂದೇ ಅಂಕಣಕ್ಕೆ ಇನ್ನೊಂದು ಚೌಕ ಸೇರಿಸುವ ಗುಂಡಿ ಇದೆ. ಅದನ್ನು ಒತ್ತಿ ಹೊಸದನ್ನು ಒಂದರಲ್ಲಿ, ಹಳೆಯದನ್ನು ಇನ್ನೊಂದರಲ್ಲಿ ಇಟ್ಟಳು. ಹಳೆಯದರ ಮುಂದೆ 2001 ಎಂದೂ, ಬರೆದವರು ಎಂದು ನನ್ನ ಹೆಸರನ್ನೂ ಹಾಕಿಸಿದೆ. ಉಳಿಸು ಎಂಬ ಗುಂಡಿ ಒತ್ತಿದಳು. ಹೊರಗೆ ಮಳೆ ಶುರುವಾಗಿತ್ತು. ಕಿಟಕಿ ಮುಚ್ಚಿ ಬಂದು ಮುಂದಿನ ವಸ್ತುವನ್ನು ಮೇಜಿನ ಮೇಲಿಟ್ಟಳು: 319, ಹಿತ್ತಾಳೆಯ ಅಡಕೊತ್ತು.